ಮಣ್ಣಿನ ವಾಸನೆಯ ವಿದ್ಯೆ

ತುಮಕೂರು ರಸ್ತೆಯಲ್ಲಿ ನೆಲಮಂಗಲಕ್ಕೆ ಮೊದಲು ಸಿಕ್ಕುವ ಮಾಕಳಿಯನ್ನು ದೊಡ್ಡಬಳ್ಳಾಪುರದ ಕಡೆಯ ಮಾಕಳಿದುರ್ಗವೆಂದು ಭ್ರಮಿಸುವವರು ಈಗಲೂ ಉಂಟು. ದುರ್ಗಕ್ಕೆ ಬೆಟ್ಟವೂ ಕೋಟೆಯೂ ಇವೆ. ಈ ಮಾಕಳಿಗೆ ಇರುವುದು ಹೆದ್ದಾರಿ, ಗೋಡೌನುಗಳು, ಹಿಮಾಲಯ ಎಂಬ ಔಷಧ ಸಂಸ್ಥೆ. ಇವುಗಳ ನಡುವೆ ಇನ್ನೂ ಮಾರಾಟವಾಗದೆ ಉಳಿದ ತುಂಡು ಹೊಲಗಳು. ಅಂಥ ಇಪ್ಪತ್ತು ಗುಂಟೆ ಹೊಲವುಳ್ಳ ಮನೆಯ ಹುಡುಗಿಯೊಬ್ಬಳು ಬಯೋಟೆಕ್ನಾಲಜಿಯ ಕಡೆಯ ವರ್ಷದಲ್ಲಿ ಓದುತ್ತಿರುವಳು. ದಿನವೂ ಮಾದಾವರದವರೆಗೆ ಹೋಗಿ, 2024ರಲ್ಲಿ ಅಲ್ಲಿಯ ತನಕ ಬಂದ ಮೆಟ್ರೋ ರೈಲನ್ನು ಹಿಡಿದು ಕಾಲೇಜಿಗೆ ಹೋಗಿಬರುವಳು.

ಆಕೆಯ ಮನಸ್ಸು ನೆಟ್ಟಿರುವುದು ಸಿಂಥೆಟಿಕ್ ಬಯಾಲಜಿಯಲ್ಲಿ. ಕನ್ನಡದಲ್ಲಿ ಇದನ್ನು ಸಂಶ್ಲೇಷಿತ ಜೀವಶಾಸ್ತ್ರವೆನ್ನುವರು. ಹೆಸರು ಕಿವಿಗೆ ಕಠಿಣವಾದಷ್ಟು ವಿಷಯ ಕಠಿಣವಲ್ಲ. ಒಂದು ಜೀವಿಯ ವಂಶವಾಹಿಯನ್ನು ಇನ್ನೊಂದರೊಳಗಿಟ್ಟು, ಅದು ಹಿಂದೆಂದೂ ಮಾಡದಿದ್ದ ಪದಾರ್ಥವನ್ನು ಅದರಿಂದ ಮಾಡಿಸುವುದು ಇದರ ಮೊದಲ ಪಾಠ. ಆ ಮನೆಯ ಅಜ್ಜಿ ನಿತ್ಯವೂ ಚುಚ್ಚಿಕೊಳ್ಳುವ ಇನ್ಸುಲಿನ್ನೇ ಇದಕ್ಕೆ ನಿದರ್ಶನ. ಪೂರ್ವದಲ್ಲಿ ಅದನ್ನು ಹಂದಿ, ದನ ಮೊದಲಾದ ಪ್ರಾಣಿಗಳ ಗ್ರಂಥಿಯಿಂದ ತೆಗೆಯುತ್ತಿದ್ದರು. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಬ್ಯಾಕ್ಟೀರಿಯದಿಂದ ಮನುಷ್ಯನ ಇನ್ಸುಲಿನ್ನನ್ನು ಮಾಡಿಸಿದರು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಅದನ್ನು ಯೀಸ್ಟಿನ ಒಂದು ಜಾತಿಯಿಂದ ತೆಗೆದು ಮಾರುಕಟ್ಟೆಗೆ ತಂದಿತು. ಮೊಮ್ಮಗಳು ಇದನ್ನು ವಿವರಿಸಿದಾಗ ಅಜ್ಜಿ ಕೇಳಿದುದು ಒಂದೇ ಮಾತು: “ಹಂದೀದಲ್ಲ ತಾನೆ?” ಅಲ್ಲವೆಂದ ಮೇಲೆ, “ಹಂಗಾದ್ರೆ ಹಾಲಿಗೆ ಹೆಪ್ಪು ಹಾಕಿದ ಹಂಗೆ ಅನ್ನು” ಎಂದು ಸುಮ್ಮನಾದರು. ಉಪಮಾನ ಚೆನ್ನಾಗಿಯೇ ಇದೆ. ಆದರೆ ಹೆಪ್ಪಿನ ಜೀವಾಣುವು ತನ್ನ ಕೆಲಸವನ್ನು ಮಾಡುತ್ತದೆ, ಇಲ್ಲಿ ಪರರ ಕೆಲಸವನ್ನು ಮಾಡಬೇಕಾಗುತ್ತದೆ.

ಆದರೂ ಆಕೆಯನ್ನು ಈ ದಾರಿಗೆ ಎಳೆದುದು ಔಷಧವಲ್ಲ, ವಾಸನೆ. ಅಮೆರಿಕದ ಎಂ.ಐ.ಟಿ.ಯಲ್ಲಿ 2004ರಿಂದ ಐಜೆಮ್ ಎಂಬ ವಿದ್ಯಾರ್ಥಿಗಳ ಸ್ಪರ್ಧೆಯೊಂದು ನಡೆಯತೊಡಗಿತು. ಜೀವಾಣುಗಳಿಗೆ ಹೊಸ ಕೆಲಸ ಕಲಿಸಿ ತರುವುದೇ ಅದರ ಪಂದ್ಯ. 2006ರಲ್ಲಿ ಹೆಬ್ಬಾಳದಾಚೆಯ ಜಿ.ಕೆ.ವಿ.ಕೆ. ಆವರಣದಲ್ಲಿರುವ ಎನ್.ಸಿ.ಬಿ.ಎಸ್. ಎಂಬ ಜೀವವಿಜ್ಞಾನ ಕೇಂದ್ರದಿಂದ ಒಂದು ತಂಡ ಹೋಯಿತು. ಅದರಲ್ಲಿ ಸೋಜಿಗವಿಲ್ಲ. ಸೋಜಿಗವಿರುವುದು 2009ರಲ್ಲಿ. ಆ ವರ್ಷ ಯಲಹಂಕದ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು, ಎಂದರೆ ಚಿತ್ರ ಮತ್ತು ವಿನ್ಯಾಸ ಕಲಿಯುವ ಮಕ್ಕಳು, ಆ ಸ್ಪರ್ಧೆಗೆ ಹೊರಟರು. ಅವರು ಆರಿಸಿಕೊಂಡುದು ಔಷಧವನ್ನೂ ಅಲ್ಲ, ಇಂಧನವನ್ನೂ ಅಲ್ಲ. ಮೊದಲ ಮಳೆ ಬಿದ್ದಾಗ ನೆಲದಿಂದೇಳುವ ವಾಸನೆಯನ್ನು.

ಈ ವಾಸನೆಗೆ ಮುಖ್ಯ ಕಾರಣವಾದ ಪದಾರ್ಥವನ್ನು 1965ರಲ್ಲಿ ಗುರುತಿಸಿ ಜಿಯೋಸ್ಮಿನ್ ಎಂದು ಹೆಸರಿಟ್ಟರು. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಗಳು ಅದನ್ನು ಮಾಡುತ್ತವೆ. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆತುದೂ ಇವುಗಳ ಕುಲದಿಂದಲೇ. ಬೀಟ್‌ರೂಟನ್ನು ಕೆಲವರು ಮಣ್ಣುವಾಸನೆಯೆಂದು ತಟ್ಟೆಯ ಅಂಚಿಗೆ ಸರಿಸುವುದೂ ಈ ಜಿಯೋಸ್ಮಿನ್ನಿನ ದೆಸೆಯಿಂದ. ಲಕ್ಷ ಕೋಟಿ ಪಾಲು ನೀರಿನಲ್ಲಿ ಸುಮಾರು 10 ಪಾಲಿದ್ದರೂ ಮನುಷ್ಯನ ಮೂಗು ಇದನ್ನು ಹಿಡಿಯಬಲ್ಲುದು. ಇದನ್ನು ಮಾಡಲು ಬೇಕಾದ ಕಚ್ಚಾ ಪದಾರ್ಥವು ಪ್ರಯೋಗಶಾಲೆಯ ಈ. ಕೋಲೈ ಬ್ಯಾಕ್ಟೀರಿಯದಲ್ಲಿ ಮೊದಲೇ ಇದೆ. ಅದನ್ನು ಜಿಯೋಸ್ಮಿನ್ನಾಗಿಸುವ ಕಿಣ್ವ ಮಾತ್ರ ಇಲ್ಲ. ಒಂದೇ ಕಿಣ್ವ ಸಾಕು, ಒಂದೇ ವಂಶವಾಹಿ. ಯಲಹಂಕದ ಮಕ್ಕಳು ಅದನ್ನು ಸ್ಟ್ರೆಪ್ಟೊಮೈಸಿಸ್‌ನಿಂದ ಸಾಲ ತಂದು ಈ. ಕೋಲೈಗೆ ಕೊಡಲು ಹೊರಟರು. ಸಹಜವಾಗಿ ದುರ್ವಾಸನೆಯ ಆ ಜೀವಿಗೆ ಮಳೆಯ ಪರಿಮಳವನ್ನು ಕಲಿಸಬೇಕೆಂಬ ಆಲೋಚನೆ ಚಿತ್ರ ಬರೆಯುವವರಿಗೆ ಹೊಳೆಯಿತೆಂಬುದು ವಿಚಾರಿಸತಕ್ಕ ಸಂಗತಿ.

ಮಾಕಳಿಯ ವಿದ್ಯಾರ್ಥಿನಿ ಈ ವೃತ್ತಾಂತವನ್ನು ಓದಿ ಹರ್ಷಪಟ್ಟಳು. ಬಳಿಕ ಅವಳಿಗೆ ಬೇರೊಂದು ಪ್ರಶ್ನೆ ಹುಟ್ಟಿತು. ಆ ಜೀವಾಣು ಈ ವಾಸನೆಯನ್ನು ಯಾರಿಗಾಗಿ ಮಾಡುತ್ತದೆ? ಮನುಷ್ಯನ ಸಂತೋಷಕ್ಕಾಗಿ ಅಲ್ಲವೆಂಬುದು ನಿಶ್ಚಯ. ಒಂದು ಉತ್ತರ 2020ರಲ್ಲಿ ಪ್ರಕಟವಾಯಿತು. ಸ್ಪ್ರಿಂಗ್‌ಟೇಲ್ ಎಂಬ, ಹೊಟ್ಟೆಯಡಿಯ ಚಿಮ್ಮುಗೋಲಿನಿಂದ ನೆಗೆಯುವ ಅತಿ ಸಣ್ಣ ಹುಳುಗಳು ಈ ವಾಸನೆಯನ್ನು ಹಿಡಿದು ಬಂದು ಸ್ಟ್ರೆಪ್ಟೊಮೈಸಿಸನ್ನು ತಿನ್ನುತ್ತವೆ. ತಿಂದು, ಅದರ ಬೀಜಕಣಗಳನ್ನು ಮೈಮೇಲೂ ಹಿಕ್ಕೆಯಲ್ಲೂ ಹೊತ್ತು ಬೇರೆಡೆಗೆ ಬಿತ್ತುತ್ತವೆ. ಹೂವು ದುಂಬಿಯನ್ನು ಕರೆದಂತೆ ಮಣ್ಣು ಹುಳುವನ್ನು ಕರೆಯುತ್ತಿರುವುದು. ವಂಶವಾಹಿಯನ್ನು ಸಾಲ ತಂದು ಹನ್ನೊಂದು ವರ್ಷವಾದ ಮೇಲೆ ಅದರ ಉದ್ದೇಶ ಇಷ್ಟಾದರೂ ತಿಳಿಯಿತು! ಜೀವವನ್ನು ಯಂತ್ರವೆಂದೂ ವಂಶವಾಹಿಗಳನ್ನು ಅದರ ಬಿಡಿಭಾಗಗಳೆಂದೂ ಬಣ್ಣಿಸುವವರು ಈ ಶಾಸ್ತ್ರದಲ್ಲಿ ಬಹಳ. ಯಂತ್ರದ ಚಕ್ರ ಯಾತಕ್ಕೆಂದು ಮಾಡಿದವನಿಗೆ ಗೊತ್ತಿರುತ್ತದೆ, ಇಲ್ಲಿ ಹಾಗಿಲ್ಲ. ಮಾಡುವ ಕೈಗಿಂತ ಅರಿಯುವ ಕಣ್ಣು ಹಿಂದಿದೆಯೆಂದು ಆಕೆಗೆ ತೋರಿತು. ತನ್ನ ಓದು ಆ ಕಣ್ಣಿನ ಕಡೆಗೆ ಹೋಗಬೇಕೆಂದು ನಿಶ್ಚಯಿಸಿದಳು.

ಕಷ್ಟ ಪ್ರಾರಂಭವಾದುದು ಇಲ್ಲಿಂದ. ಪದವಿಯಾದೊಡನೆ ಔಷಧ ಪರೀಕ್ಷಿಸುವ ಕೆಲಸವೊಂದು ಸಿಕ್ಕುವ ಸಂಭವವಿದೆ. ಸಂಬಳ ಮೊದಲ ತಿಂಗಳಿಂದಲೇ ಬರುತ್ತದೆ. ಸಂಶೋಧನೆಯಾದರೆ ಐದಾರು ವರ್ಷ ಬರಿಯ ವಿದ್ಯಾರ್ಥಿವೇತನ. ತಮ್ಮನು ಮುಂದಿನ ವರ್ಷ ಕಾಲೇಜಿಗೆ ಸೇರತಕ್ಕವನು. ಅಕ್ಕನು ದುಡಿಯದಿದ್ದರೆ ಅವನ ಶುಲ್ಕಕ್ಕೆ ಆ ಇಪ್ಪತ್ತು ಗುಂಟೆಯೇ ಗತಿ. ಗೋಡೌನು ಕಟ್ಟುವವರೊಬ್ಬರು ಬೆಲೆ ಹೇಳಿ ಹೋಗಿದ್ದಾರೆ. ತಂದೆಯವರು ಗದರಿಸುವವರಲ್ಲ. “ವಾಸನೆಯಿಂದ ಊಟ ಆಗತ್ತೇನಮ್ಮ?” ಎಂದು ಒಮ್ಮೆ ಕೇಳಿದರು, ಅಷ್ಟೆ. ಆಕೆಯ ಬಳಿ ಉತ್ತರವಿರಲಿಲ್ಲ. ಇದ್ದರೂ ಆ ಲೆಕ್ಕಕ್ಕೆ ಹೊಂದುವಂಥದು ಇರಲಿಲ್ಲ.

ಈ ನಡುವೆ ಕಡೆಯ ವರ್ಷದ ಪ್ರಾಜೆಕ್ಟಿಗೆ ಆ ಹೊಲದ ಮಣ್ಣನ್ನೇ ಕೊಂಡೊಯ್ದಳು. ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿ ಮಾಡಿ, ಪಿಷ್ಟ ಬೆರೆಸಿದ ಅಗರಿನ ಮೇಲೆ ಹರಡಿಟ್ಟರೆ, ಒಂದು ವಾರದಲ್ಲಿ ಸೀಮೆಸುಣ್ಣದ ಪುಡಿ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು ಏಳುತ್ತವೆ; ಅವೇ ಸ್ಟ್ರೆಪ್ಟೊಮೈಸಿಸ್. ತಟ್ಟೆಗೆ ಮೂಗಿಟ್ಟು ನೋಡಬಾರದೆಂಬುದು ಪ್ರಯೋಗಶಾಲೆಯ ನಿಯಮ. ಆಕೆ ನೋಡಲಿಲ್ಲ. ಮುಚ್ಚಳ ಸರಿದಾಗ ಅದು ತಾನಾಗಿಯೇ ಬಂದಿತು. ಕೆಲಸವಾದ ಮೇಲೆ ತಟ್ಟೆಗಳನ್ನೆಲ್ಲ 121 ಡಿಗ್ರಿಯ ಹಬೆಯಲ್ಲಿ ಬೇಯಿಸಿ ಕೊಲ್ಲಬೇಕು, ಕುಕ್ಕರಿನಲ್ಲಿ ಬೇಳೆ ಬೇಯಿಸಿದಂತೆ. ಆ ದಿನ ಆಕೆಗೆ ಊಟ ಸೇರಲಿಲ್ಲವೆಂದು ಅಜ್ಜಿ ಹೇಳುವರು.

ಜಿ.ಕೆ.ವಿ.ಕೆ.ಯ ಆ ಕೇಂದ್ರವನ್ನು ಕಟ್ಟಿದ ಒಬೈದ್ ಸಿದ್ದಿಕಿಯವರು ಹಣ್ಣಿನ ನೊಣವು ವಾಸನೆಯನ್ನು ಅರಿಯುವ ಬಗೆಯನ್ನೇ ದೀರ್ಘಕಾಲ ಅಭ್ಯಾಸ ಮಾಡಿದವರು, 2013ರಲ್ಲಿ ತೀರಿಕೊಂಡರು. ಪದವಿಯಾದವರು ನೇರವಾಗಿ ಸೇರಬಹುದಾದ ವ್ಯಾಸಂಗ ಅಲ್ಲಿ ಉಂಟು. ಆಕೆ ಪ್ರವೇಶಪರೀಕ್ಷೆಯನ್ನು ಬರೆದಿರುವಳು, ಫಲ ಬರಬೇಕಾಗಿದೆ. ಎರಡನೆಯ ಸಲ ಮಣ್ಣು ಬೇಕಾದಾಗ ತಂದೆಯವರು ತಾವೇ ಗುದ್ದಲಿ ಹಿಡಿದು ಬಂದರು. ಎಷ್ಟು ಆಳದ್ದು ಬೇಕೆಂದು ಕೇಳಿ, ಒಂದು ಗೇಣು ಅಗೆದು, ಚೀಲಕ್ಕೆ ತುಂಬಿಕೊಟ್ಟರು. ಗೋಡೌನಿನವರಿಗೆ ಯುಗಾದಿ ಕಳೆದ ಮೇಲೆ ಬನ್ನಿ ಎಂದು ಹೇಳಿ ಕಳುಹಿಸಿರುವುದನ್ನು ಆಕೆಗೆ ತಿಳಿಸಿದುದೂ ಆಗಲೇ.