ಕಾಂಚನಪುರಿಯ ಕಬ್ಬಿಣದ ಹಾದಿ

ಥಾಯ್ಲೆಂಡಿನ ಪಶ್ಚಿಮಭಾಗದಲ್ಲಿ, ಬರ್ಮಾದೇಶದ ಗಡಿಯ ಕಡೆಗೆ, ಕಾಂಚನಬುರಿ ಎಂಬ ಪಟ್ಟಣವಿರುವುದು. ಕಾಂಚನಪುರಿಯೆಂಬ ಸಂಸ್ಕೃತ ಶಬ್ದವೇ ಅಲ್ಲಿಯವರ ನಾಲಗೆಯಲ್ಲಿ ಹಾಗಾಗಿದೆ. ಹೊನ್ನಿನ ಹೆಸರಿನ ಈ ಊರು ಲೋಕಪ್ರಸಿದ್ಧವಾದುದು ಮಾತ್ರ ಕಬ್ಬಿಣದ ಹಾದಿಯಿಂದ.

ಬ್ಯಾಂಕಾಕಿನಿಂದ ಬರುವ ರೈಲುಗಾಡಿಯು ಇಲ್ಲಿ ಕ್ವಾಯ್ ನದಿಯ ಉಕ್ಕಿನ ಸೇತುವೆಯನ್ನು ಮೆಲ್ಲನೆ ದಾಟಿ, ಬಂಡೆಗೂ ಹೊಳೆಗೂ ನಡುವೆ ಮರದ ತೊಲೆಗಳ ಮೇಲೆ ಸಾಗಿ, ನಾಮ್‌ತೋಕ್ ಎಂಬಲ್ಲಿ ನಿಲ್ಲುತ್ತದೆ. ಅಲ್ಲಿಂದಾಚೆ ಹಳಿಗಳನ್ನು ಕಿತ್ತುಹಾಕಿದ್ದಾರೆ.

೧೯೪೨ರಲ್ಲಿ ಬರ್ಮಾವನ್ನು ಗೆದ್ದ ಜಪಾನಿನ ಸೈನ್ಯಕ್ಕೆ ಸಮುದ್ರಮಾರ್ಗವು ಅಪಾಯಕರವಾಯಿತು. ದವಸ, ಮದ್ದುಗುಂಡುಗಳನ್ನು ನೆಲದ ಮೇಲೆಯೇ ಸಾಗಿಸಲೆಂದು ಬಾನ್‌ಪೊಂಗಿನಿಂದ ಬರ್ಮಾದ ಥಾನ್‌ಬ್ಯೂಜಯತ್ತಿನವರೆಗೆ ಸುಮಾರು ೪೧೫ ಕಿಲೋಮೀಟರುಗಳ ಹಾದಿಯನ್ನು ಕಾಡುಬೆಟ್ಟಗಳ ನಡುವೆ ಹಾಕಿಸಿತು. ೧೯೪೩ರ ಅಕ್ಟೋಬರಿನಲ್ಲಿ, ಒಂದೂವರೆ ವರ್ಷವೂ ತುಂಬುವ ಮೊದಲೇ, ಕೆಲಸ ಮುಗಿಯಿತು. ಬ್ರಿಟಿಷ್, ಆಸ್ಟ್ರೇಲಿಯ, ಡಚ್ ಮೊದಲಾದ ಸುಮಾರು ೬೦,೦೦೦ ಯುದ್ಧಕೈದಿಗಳನ್ನು ಇದಕ್ಕೆ ದುಡಿಸಿದರು. ನಾಮ್‌ತೋಕಿನಿಂದಾಚೆಯ ಒಂದು ಕಡೆ ಸುತ್ತಿಗೆ, ಉಳಿ, ಸಿಡಿಮದ್ದುಗಳಿಂದ ಬಂಡೆಯನ್ನು ಸೀಳಿದ್ದಾರೆ. ರಾತ್ರಿಯೂ ಬೆಂಕಿಯ ಬೆಳಕಿನಲ್ಲಿ ಕೆಲಸ ನಡೆಯುತ್ತಿದ್ದುದರಿಂದ ಕೈದಿಗಳು ಅದಕ್ಕೆ ನರಕಾಗ್ನಿಯ ಕಣಿವೆಯೆಂದು ಹೆಸರಿಟ್ಟರು. ಅವರಲ್ಲಿ ೧೨,೦೦೦ಕ್ಕೂ ಹೆಚ್ಚು ಮಂದಿ ಮೃತರಾದರು.

ಆದರೆ ಈ ಹಾದಿಯಲ್ಲಿ ದುಡಿದವರಲ್ಲಿ ಬಹುಪಾಲು ಸೈನಿಕರೇ ಅಲ್ಲ. ಬರ್ಮಾದವರು, ಜಾವಾದವರು, ಮಲಯದ ರಬ್ಬರ್ ತೋಟಗಳ ತಮಿಳು ಕೂಲಿಗಳು, ಹೀಗೆ ಸುಮಾರು ಎರಡು ಲಕ್ಷ ಜನರು ಇಲ್ಲಿಗೆ ಬಂದರು. ಕೆಲವರನ್ನು ಒಳ್ಳೆಯ ಕೂಲಿಯ ಆಸೆ ತೋರಿಸಿ ಕರೆತಂದರು, ಕೆಲವರನ್ನು ಬಲಾತ್ಕಾರದಿಂದ ಹಿಡಿದುತಂದರು. ಹೆಂಡಿರು ಮಕ್ಕಳೊಡನೆ ಬಂದವರೂ ಉಂಟು. ಸೈನಿಕರಿಗಾದರೋ ತಮ್ಮ ಅಧಿಕಾರಿಗಳಿದ್ದರು, ಔಷಧವಿಲ್ಲದಿದ್ದರೂ ಉಪಚರಿಸುವ ವೈದ್ಯರಿದ್ದರು, ಸತ್ತವರ ಹೆಸರನ್ನು ಬರೆದಿಡುವವರಿದ್ದರು. ಈ ಕೂಲಿಗಳಿಗೆ ಯಾರೂ ಇರಲಿಲ್ಲ. ೧೯೪೩ರ ಮಳೆಗಾಲದಲ್ಲಿ ಕಾಲರಾ ಬಂದಾಗ ಬಿಡಾರಗಳಿಗೆ ಬಿಡಾರಗಳೇ ಬರಿದಾದುವು. ಸತ್ತವರು ೭೫,೦೦೦ಕ್ಕೂ ಮಿಗಿಲೆಂದು ಹಲವು ಇತಿಹಾಸಕಾರರ ಎಣಿಕೆ.

ನಿಲ್ದಾಣದ ಸಮೀಪದಲ್ಲಿಯೇ ಸೈನಿಕರ ಸ್ಮಶಾನಭೂಮಿಯಿದೆ. ಹಸುರು ಹುಲ್ಲಿನ ನಡುವೆ ಸುಮಾರು ಏಳು ಸಾವಿರ ಸಮಾಧಿಗಳು. ಒಂದೊಂದರ ಬಳಿಯೂ ಹೂಗಿಡ, ಬಹುತೇಕ ಎಲ್ಲದರ ಮೇಲೂ ಹೆಸರು, ವಯಸ್ಸು. ಎಷ್ಟೋ ಮಂದಿ ಇಪ್ಪತ್ತೈದನ್ನು ದಾಟದ ಹುಡುಗರು. ಓದುತ್ತ ನಡೆದರೆ ಮನಸ್ಸು ಭಾರವಾಗುವುದು. ಕೂಲಿಗಳಿಗೆ ಇಂತಹ ಸಮಾಧಿಗಳಿಲ್ಲ. ಅವರನ್ನು ಹಾದಿಯ ಪಕ್ಕದ ಗುಂಡಿಗಳಲ್ಲಿ ರಾಶಿರಾಶಿಯಾಗಿ ಹೂಳಿದರು. ಊರವರಿಗೆ ಒಂದು ಕಾಗದವೂ ಹೋಗಲಿಲ್ಲ.

ಬಂಧುಗಳಿಲ್ಲದೆ, ನಾಮಗೋತ್ರಗಳನ್ನು ಹೇಳುವವರಿಲ್ಲದೆ ಹೋದವರಿಗೂ ಒಂದು ಬೊಗಸೆ ನೀರನ್ನು ಬಿಡಬೇಕೆಂದು ನಮ್ಮ ತರ್ಪಣವಿಧಿಯು ಹೇಳುತ್ತದೆ. ವಾಚಕರಲ್ಲಿ ಯಾರಾದರೂ ಕಾಂಚನಪುರಿಗೆ ಹೋದರೆ ಸೇತುವೆಯನ್ನು ಅವಶ್ಯವಾಗಿ ನೋಡಲಿ, ಸೈನಿಕರ ಸಮಾಧಿಗಳಿಗೂ ಕೈಮುಗಿಯಲಿ. ಬಳಿಕ ಹೊಳೆಗೆ ಇಳಿದು, ಹೆಸರಿಲ್ಲದ ಆ ಜನರಿಗಾಗಿ ಒಂದು ಬೊಗಸೆ ನೀರನ್ನು ಬಿಡಲಿ.