‘ಘ್ಯಾಯ್ಚೇ ಕಾ?’ ಅಂದ್ರೆ ಯಾವಾಗ?

1997ರ ಮಾತು. ನಾನು ಪುಣೆಗೆ ಬಂದು ಎರಡು ವರ್ಷ ಆಗಿತ್ತು. ಮರಾಠಿ ಬರುತ್ತೆ ಅನ್ನೋ ಧೈರ್ಯ ಬೇರೆ. ಊರಿಂದ ಅಪ್ಪ ಬಂದಿದ್ದರು, ತಲೆಸುತ್ತು ಅಂದರು. ಹತ್ತಿರದ ಡಾಕ್ಟರ ಬಳಿ ಕರ್ಕೊಂಡು ಹೋದೆ.

ಡಾಕ್ಟರು ಬಿ.ಪಿ. ನೋಡಿ, "ಹೇ ಆಧೀ ಗೋಳ್ಯಾ ಘ್ಯಾಯ್ಚೇ ಕಾ?" ಅಂದರು. "ಹೋ" ಅಂದೆ. "ಆತಾಹೀ ಘೇತಾತ್?" ಅದಕ್ಕೂ "ಹೋ". ನನ್ನ ಕಿವಿಗೆ ಬಿದ್ದಿದ್ದು ‘ಗೋಳ್ಯಾ’, ಅಂದ್ರೆ ಮಾತ್ರೆ, ಅದೊಂದೇ. ಮಾತ್ರೆ ತಗೊಂಡೂ ಇಷ್ಟು ಏರಿದೆ ಅಂದ್ಕೊಂಡು ಅವರು ಇನ್ನೂ ಜೋರಾದದ್ದನ್ನ ಬರೆಯೋಕೆ ಶುರು ಮಾಡಿದರು.

"ಏನಂತಪ್ಪಾ?" ಅಂತ ಅಪ್ಪ ಕೇಳಿದರು. ಕನ್ನಡದಲ್ಲಿ ಹೇಳೋಕೆ ಹೋದಾಗ ಸಿಕ್ಕಿಬಿದ್ದೆ. ಮಾತ್ರೆ ತಗೋತಿದ್ರಾ ಅಂದ್ರೋ, ತಗೋತಾರಾ ಅಂದ್ರೋ, ತಗೋಬೇಕು ಅಂದ್ರೋ? ತಡವರಿಸ್ತಾ ಮೂರನ್ನೂ ಹೇಳಿದೆ. "ತಗೋತಿದ್ದೆ, ಬಿಟ್ಟು ಮೂರು ತಿಂಗಳಾಯ್ತಲ್ಲೋ" ಅಂದರು ಅಪ್ಪ! ಹಿಂದಿ, ಕೈಸನ್ನೆ ಎಲ್ಲಾ ಸೇರಿಸಿ ಡಾಕ್ಟರಿಗೆ ತಿಳಿಸಿದೆ. ಅವರು ಆ ಚೀಟಿ ಹರಿದು ಹಳೇ ಮಾತ್ರೆಯನ್ನೇ ಮತ್ತೆ ಶುರು ಮಾಡಿಸಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪರಭಾಷೆಯ ಪದಗಳು ಬೇಗ ಬರುತ್ತವೆ, ಕಾಲ ಬರೋದಿಲ್ಲ. ನಮ್ಮ ಆಡುಮಾತಲ್ಲಿ "ದಿನಾ ಹೋಗ್ತೀನಿ", "ನಾಳೆ ಹೋಗ್ತೀನಿ" ಎರಡಕ್ಕೂ ಒಂದೇ ಕ್ರಿಯಾಪದ. ಹಾಗಾಗಿ ಕಿವಿ ‘ನಾಳೆ’ಯನ್ನ ಹುಡುಕುತ್ತೆ. ಮರಾಠಿಯಲ್ಲೂ ‘ಕಾಲ್’ (ನಿನ್ನೆ), ‘ಉದ್ಯಾ’ (ನಾಳೆ) ಕೇಳಿಸ್ಕೊಂಡೇ ನಾನು ಬಚಾವಾಗ್ತಿದ್ದೆ. ಎದುರಿನವರು ಅದನ್ನ ಹೇಳದಿದ್ರೆ ಮುಗೀತು!

ಇನ್ನೊಂದು ತೊಡಕು. ನಮ್ಮಲ್ಲಿ "ತಿಂದಳು" ಅಂದ್ರೆ ತಿಂದವಳು ಹೆಂಗಸು ಅಂತ ಗೊತ್ತಾಗುತ್ತೆ. ಮರಾಠಿಯ ಭೂತಕಾಲದಲ್ಲಿ ಇಂಥ ಕ್ರಿಯಾಪದ ತಿಂದ ವಸ್ತುವಿನ ಹಿಂದೆ ಹೋಗುತ್ತೆ. "ತ್ಯಾನೇ ಪೋಳೀ ಖಾಲ್ಲೀ": ಚಪಾತಿ ಸ್ತ್ರೀಲಿಂಗ, ತಿಂದವನು ಗಂಡಸು. ನಾನು ‘ಖಾಲ್ಲೀ’ ಕೇಳಿ, ಯಾರಪ್ಪಾ ಈ ಹೆಂಗಸು ಅಂತ ಯೋಚಿಸೋ ಹೊತ್ತಿಗೆ ಮಾತು ಮುಂದೆ ಹೋಗಿರ್ತಿತ್ತು.

ನನ್ನ ಕಿವಿ ತಿದ್ದಿದ್ದು ಕೆಳಗಿನ ಮನೆಯ ಆಜಿ. ಸಂಜೆ ಅರ್ಧ ಗಂಟೆ ಅವರ ಮಾತು ಕೇಳೋದು, ಕ್ರಿಯಾಪದದ ಬಾಲ ಮಾತ್ರ ಹಿಡಿಯೋದು. ‘ಲಾ, ಲೀ’ ಬಂದ್ರೆ ಆಗಿಹೋದದ್ದು: ಗೇಲಾ, ಗೇಲೀ. ‘ತೋ, ತೇ’ ಬಂದ್ರೆ ಈಗಿನದು ಅಥವಾ ದಿನದ್ದು: ಜಾತೋ, ಜಾತೇ. ‘ಈಲ್, ಣಾರ್’ ಬಂದ್ರೆ ಮುಂದಿನದು: ಜಾಈಲ್, ಜಾಣಾರ್. ಹಿಡಿದದ್ದನ್ನ ಅದೇ ಕಾಲದಲ್ಲಿ ತಿರುಗಿ ಕೇಳ್ತಿದ್ದೆ. ತಪ್ಪಿದ್ರೆ ಅಲ್ಲೇ ತಿದ್ದೋರು.

ಬಹಳ ಕಾಡಿದ್ದು ‘ಯ್ಚಾ’. "ತೋ ಜಾಯ್ಚಾ" ಅಂದ್ರೆ ಅವನು ಹೋಗ್ತಿದ್ದ. "ಮಲಾ ಜಾಯ್ಚಂಯ್" ಅಂದ್ರೆ ನನಗೆ ಹೋಗಬೇಕು. ಒಂದು ಹಿಂದಕ್ಕೆ, ಇನ್ನೊಂದು ಮುಂದಕ್ಕೆ! ಮೊದಲು ‘ತೋ’ ಇದೆಯೋ ‘ಮಲಾ’ ಇದೆಯೋ ಅಂತ ಗಮನಿಸಬೇಕು.

ಕೆಲವು ಕಡೆ ಮಾತ್ರ ನಾವೂ ಅವರೂ ಒಂದೇ. ಹೊರಡುವಾಗ ನಾವು "ಬರ್ತೀನಿ" ಅಂತೀವಿ, ಅವರು "ಯೇತೋ". ಯಾರಾದ್ರೂ ಕೂಗಿದ್ರೆ ನಾವು "ಬಂದೆ", ಅವರು "ಆಲೋ". ನಮ್ಮ ನಲ್ಲಿ ರಿಪೇರಿಯವನು ಫೋನಲ್ಲಿ "ಆಲೋಚ್" ಅಂದ ಮೇಲೆ ಎರಡು ಗಂಟೆ ಕಾಯಬೇಕು, ಅದು ಬೇರೆ ಮಾತು :)

ಆಜಿ ತಮ್ಮ ಯಜಮಾನರ ಬಗ್ಗೆ "ತೇ ರೋಜ್ ಫಿರಾಯ್ಲಾ ಜಾಯ್ಚೇ" ಅನ್ನೋರು. ವಾಕಿಂಗ್ ಹೋಗ್ತಾರೆ ಅಂದ್ಕೊಂಡು, ಪರಿಚಯದ ಹೊಸದರಲ್ಲಿ "ಎಷ್ಟೊತ್ತಿಗೆ ವಾಪಸ್ ಬರ್ತಾರೆ?" ಅಂತ ಕೇಳಿಬಿಟ್ಟಿದ್ದೆ. ಆಜಿ ಸುಮ್ಮನೆ ನಕ್ಕು ಚಹಾ ತರೋಕೆ ಒಳಗೆ ಹೋದರು. ಹೋಗ್ತಾರೆ ಅಲ್ಲ, ಹೋಗ್ತಿದ್ರು ಅಂತ ತಿಳಿಯೋಕೆ ನನಗೆ ಇನ್ನೂ ಎರಡು ತಿಂಗಳು ಬೇಕಾಯ್ತು. ಅದನ್ನ ನೆನೆದರೆ ಈಗಲೂ ನಾಚಿಕೆಯಾಗುತ್ತೆ.

ಈಗ ಅಪ್ಪನೂ ಇಲ್ಲ. ಇಲ್ಲಿಯ ಗೆಳೆಯರ ಹತ್ತಿರ ಅವರ ಮಾತು ಬಂದಾಗ ನನ್ನ ಬಾಯಲ್ಲೂ ‘ಯ್ಚೇ’ ತಾನಾಗಿ ಬರುತ್ತೆ. ಆ ಒಂದು ಕಾಲ ಮಾತ್ರ ಇನ್ನು ತಪ್ಪೋದಿಲ್ಲ.

ನಿಮ್ಮೂರಿನ ಭಾಷೆಯಲ್ಲಿ ನೀವು ಎಲ್ಲಿ ಎಡವಿದ್ರಿ?