ನಡೆಯುವಷ್ಟು ದೂರ

ನಮ್ಮ ಮನೆಯ ಹೊಸ್ತಿಲಿನಿಂದ ಹಲಸೂರು ಮೆಟ್ರೋ ನಿಲ್ದಾಣದ ಮೊದಲ ಮೆಟ್ಟಿಲಿಗೆ 840 ಹೆಜ್ಜೆ. ಎಣಿಸಿದವನು ನಾನೇ. ಒಂದು ಸಲವಲ್ಲ, ಮೂರು ಸಲ ಎಣಿಸಿದ್ದೇನೆ. ಪಿಂಚಣಿಯ ಮೇಲೆ ಬದುಕುವವರಿಗೆ ಇಂಥ ಘನಕಾರ್ಯಗಳಿಗೆ ಬಿಡುವು ಬೇಕಾದಷ್ಟಿರುತ್ತದೆಂದು ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ. ಆದರೆ ನನ್ನನ್ನು ಈ ಎಣಿಕೆಗೆ ಹಚ್ಚಿದ್ದು ಬಿಡುವಲ್ಲ, ಒಬ್ಬ ದಲ್ಲಾಳಿ.

ಆತ ಒಂದು ಭಾನುವಾರ ಬೆಳಿಗ್ಗೆ ನಮ್ಮ ಅಣ್ಣನ ಮಗನ ಜೊತೆಯಲ್ಲಿ ಬಂದು ನಡುಮನೆಯಲ್ಲಿ ಕುಳಿತ. ಕಾಫಿ ಕುಡಿದ. ಮನೆಯನ್ನು ಮಾತ್ರ ನೋಡಲಿಲ್ಲ. ನಮ್ಮ ತಂದೆ ಸಾಲ ಮಾಡಿ ಹಾಕಿಸಿದ ಮದರಾಸು ತಾರಸಿಯ ಕಡೆಗಾಗಲಿ, ಮೂರು ತಲೆಮಾರಿನ ಬೆನ್ನು ಒರಗಿ ನುಣುಪಾದ ಕಂಬದ ಕಡೆಗಾಗಲಿ ಅವನ ಕಣ್ಣು ಹೊರಳಲಿಲ್ಲ. ಕೈಯಲ್ಲಿದ್ದ ಫೋನನ್ನು ಎರಡು ಸಲ ಒತ್ತಿ, "ಮೆಟ್ರೋಗೆ ವಾಕಬಲ್ ಡಿಸ್ಟೆನ್ಸು ಯಜಮಾನ್ರೇ! ಐನೂರು ಮೀಟರು. ಇನ್ನೇನು ಬೇಕು ಹೇಳಿ?" ಎಂದ.

ಒಳಗೆ ಮಂಚದ ಮೇಲೆ ಒರಗಿದ್ದ ಅಕ್ಕ, "ಏನಂತೋ ಅದು?" ಎಂದು ಕೂಗಿದಳು.

"ನಡೆಯುವಷ್ಟು ದೂರವಂತೆ ಅಕ್ಕಾ" ಎಂದೆ.

ಒಳಗಿನಿಂದ ಉತ್ತರ ಬರಲಿಲ್ಲ. ಅದು ಏಕೆಂಬುದನ್ನು ಆಮೇಲೆ ಹೇಳುತ್ತೇನೆ.

ಹಲಸೂರೆಂದರೆ ವಾಚಕರಲ್ಲಿ ಹಲವರಿಗೆ ಹಲಸೂರು ಗೇಟು ನೆನಪಾಗುವುದುಂಟು. ಅದು ಬೇರೆ. ಪೇಟೆಯ ಕೋಟೆಯಿಂದ ನಮ್ಮ ದಿಕ್ಕಿಗೆ ತೆರೆಯುತ್ತಿದ್ದ ಬಾಗಿಲಿನ ಹೆಸರು ಅದು. ಅಲ್ಲಿಂದ ಇಲ್ಲಿಗೆ ಮೈಲಿಗಟ್ಟಲೆ ದಾರಿ. ನಮ್ಮ ಮನೆಗೆ ಬರಬೇಕಾದ ನೆಂಟರು ಅಲ್ಲಿ ಇಳಿದು ವಿಳಾಸ ಕೇಳುತ್ತ ಅಲೆದದ್ದುಂಟು. ನಮ್ಮ ಹಲಸೂರು ಕೆರೆಯ ಬಳಿಯದು, ಸೋಮೇಶ್ವರನ ಗುಡಿಯದು. ದಂಡು ಬಂದದ್ದು 1809ರಲ್ಲಿ. ಗುಡಿ ಅದಕ್ಕೂ ಎಷ್ಟೋ ಹಿಂದಿನದು. ದಂಡಿನವರು ತಮಗೆ ಕವಾಯತು ಮಾಡಲು ಮೈದಾನ, ಸಾರೋಟು ಓಡಲು ಸಾಲುಮರದ ಅಗಲವಾದ ರಸ್ತೆ, ಎಲ್ಲವನ್ನೂ ಮಾಡಿಕೊಂಡರು. ಅವರಿಗೆ ಹಾಲು, ಸೊಪ್ಪು, ಹುಲ್ಲು, ಆಳು ಒದಗಿಸುವ ಜನ ಬಜಾರ್ ಬೀದಿಯ ಹಿಂದುಮುಂದಿನ ಗಲ್ಲಿಗಳಲ್ಲಿ ಒತ್ತಿಕೊಂಡು ಉಳಿದರು. 1949ರಲ್ಲಿ ದಂಡೂ ಪೇಟೆಯೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. 1970ರ ದಶಕದಲ್ಲಿ ನಮ್ಮ ಮಗ್ಗುಲಲ್ಲೇ ಇಂದಿರಾನಗರ ಎದ್ದು, ನೂರಡಿ ರಸ್ತೆಯೆಂದು ಅಳತೆಯನ್ನೇ ಹೆಸರಾಗಿ ಇಟ್ಟುಕೊಂಡಿತು. ನಮ್ಮ ಗಲ್ಲಿಗೆ ಅಳತೆ ಹೇಳಿಕೊಳ್ಳುವ ಯೋಗ ಬರಲಿಲ್ಲ. ನಾವು ಇದ್ದಂತೆಯೇ ಇದ್ದೆವು.

ಇದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಹಳೆಯ ಬೆಂಗಳೂರನ್ನು ನೆನೆದು ಕಣ್ಣೀರಿಡುವವರ ಗುಂಪಿಗೆ ನಾನು ಸೇರಿದವನಲ್ಲ. ಮಳೆಗಾಲದಲ್ಲಿ ನಮ್ಮ ನಡುಮನೆಯಲ್ಲಿ ನಾಲ್ಕು ಪಾತ್ರೆ ಇಡಬೇಕು. ಸಾರಣೆ ಉದುರಿ ಊಟದ ತಟ್ಟೆಗೇ ಬಿದ್ದದ್ದುಂಟು. ಬೀದಿಯಲ್ಲಿ ಅರ್ಧದಷ್ಟು ಮನೆಗಳಲ್ಲಿ ದಾಯಾದಿ ವ್ಯಾಜ್ಯ. ರಿಪೇರಿ ಮಾಡಿಸಿದವನಿಗೆ ಮನೆ ಸಿಗುವುದೆಂಬ ನಂಬಿಕೆ ಇಲ್ಲದೆ ಯಾರೂ ಒಂದು ಇಟ್ಟಿಗೆಯನ್ನೂ ಬದಲಾಯಿಸಲಿಲ್ಲ. ನಿಂತ ನೀರನ್ನು ತೀರ್ಥವೆಂದು ಕರೆಯಲು ನನಗೆ ಮನಸ್ಸಿಲ್ಲ.

ಆ ನೀರು ಅಲುಗಾಡಿದ್ದು 2011ರ ಅಕ್ಟೋಬರ್ 20ರಂದು. ಅಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾಗಾಂಧಿ ರಸ್ತೆಗೆ ಮೆಟ್ರೋ ಓಡಿತು. ಆರು ನಿಲ್ದಾಣಗಳಲ್ಲಿ ನಮ್ಮದೂ ಒಂದು. ಪಕ್ಕದ ಸಿ.ಎಂ.ಎಚ್. ರಸ್ತೆಯ ವರ್ತಕರು ಕಂಬಗಳು ಏಳುವ ಮೊದಲು, ವ್ಯಾಪಾರ ಹಾಳಾಗುತ್ತದೆಂದು ದೊಡ್ಡ ಚಳವಳಿಯನ್ನೇ ಹೂಡಿದ್ದರು. ನಮ್ಮ ಗಲ್ಲಿಯಲ್ಲಿ ಹಾಳಾಗತಕ್ಕ ವ್ಯಾಪಾರವೂ ಇರಲಿಲ್ಲವಾಗಿ ಸುಮ್ಮನೆ ನೋಡಿದೆವು. ಆರು ನಿಲ್ದಾಣದ ರೈಲಿನಿಂದ ನಮಗೇನು ಪ್ರಯೋಜನವೆಂದು ನಾನೇ ಜಗಲಿಯ ಮೇಲೆ ಕುಳಿತು ಭಾಷಣ ಮಾಡಿದ್ದೇನೆ. 2016ರ ಏಪ್ರಿಲ್ ಕೊನೆಯಲ್ಲಿ ನಗರದ ನಡುವಿನ ಸುರಂಗ ತೆರೆದು, ರೈಲು ಮೆಜೆಸ್ಟಿಕ್ ದಾಟಿ ಮೈಸೂರು ರಸ್ತೆಯವರೆಗೆ ಒಂದೇ ಓಟದಲ್ಲಿ ಹೋಗತೊಡಗಿದಾಗ ನನ್ನ ಭಾಷಣ ನಿಂತಿತು. ಏಕೆಂದರೆ ಅಕ್ಕನ ಮಗಳನ್ನು ಕೊಟ್ಟಿರುವುದು ವಿಜಯನಗರಕ್ಕೆ.

ಅದಕ್ಕೆ ಮುಂಚೆ ಅಕ್ಕ ಮಗಳ ಮನೆಗೆ ಹೋಗಬೇಕಾದರೆ ಎರಡು ಬಸ್ಸು, ನಡುವೆ ಮೆಜೆಸ್ಟಿಕ್ಕಿನ ನೂಕುನುಗ್ಗಲು, ಜೊತೆಗೆ ನಾನು. ವರ್ಷಕ್ಕೆ ಮೂರು ಸಲ ಹೋದರೆ ಹೆಚ್ಚು. ಈಗ ಇಲ್ಲಿ ಹತ್ತಿದರೆ ಹತ್ತನೆಯ ನಿಲ್ದಾಣ ವಿಜಯನಗರ. ಎಪ್ಪತ್ತರ ಹತ್ತಿರದ ಅಕ್ಕ ಒಬ್ಬಳೇ ಹೋಗಿಬರಲು ಕಲಿತಳು. ಪ್ರತಿ ಗುರುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಚೀಲದಲ್ಲಿ ಒಂದು ಡಬ್ಬಿ ಚಟ್ನಿಪುಡಿಯೋ ಹುರಿಗಾಳೋ ಇಟ್ಟುಕೊಂಡು ಹೊರಟುಬಿಡುವಳು. ಒಂದು ಸಲ ಹಿಂದಿರುಗುವಾಗ ಕಬ್ಬನ್ ಪಾರ್ಕಿನಲ್ಲಿ ಇಳಿದು ಒಂದು ಗಂಟೆ ಕುಳಿತು ಬಂದಳಂತೆ. "ಯಾರ ಜೊತೆ?" ಎಂದು ಕೇಳಿದೆ. "ಯಾರ ಜೊತೆ ಅಂದರೆ? ನನ್ನ ಜೊತೆ!" ಎಂದಳು. ಮದುವೆಗೆ ಮುಂಚೆ ಅಪ್ಪನನ್ನೂ, ಆಮೇಲೆ ಭಾವನನ್ನೂ, ಅವರು ಹೋದ ಮೇಲೆ ನನ್ನನ್ನೂ ಕೇಳದೆ ಅವಳು ಎಲ್ಲಿಯಾದರೂ ಕುಳಿತದ್ದು ಅದೇ ಮೊದಲೆಂದು ಕಾಣುತ್ತದೆ.

ಹೀಗಿರಲು ಕಳೆದ ಶ್ರಾವಣದ ಒಂದು ಗುರುವಾರ, ನನ್ನ ಲೆಕ್ಕದಲ್ಲಿ 312ನೆಯ ಹೆಜ್ಜೆಯಲ್ಲಿ, ಚರಂಡಿಯ ಮೇಲಿನ ಚಪ್ಪಡಿ ಒಂದು ಪಕ್ಕಕ್ಕೆ ಹೊರಳಿತು. ಅಕ್ಕ ಬಿದ್ದಳು. ಮಣಿಕಟ್ಟು ಮುರಿಯಿತು, ಮಂಡಿಗೆ ಪೆಟ್ಟಾಯಿತು. ಕೈ ಒಂದೂವರೆ ತಿಂಗಳಲ್ಲಿ ಕೂಡಿಕೊಂಡಿತು. ಧೈರ್ಯ ಕೂಡಿಕೊಳ್ಳಲಿಲ್ಲ. ಅಂದಿನಿಂದ ಅವಳು ಸೋಮೇಶ್ವರನ ಗುಡಿಗೂ ಹೋಗಲೊಲ್ಲಳು. ದಲ್ಲಾಳಿ "ವಾಕಬಲ್" ಎಂದಾಗ ಒಳಗಿನಿಂದ ಉತ್ತರ ಬರದಿದ್ದುದು ಇದಕ್ಕೆ.

ನಮ್ಮ ಊರಿನ ಫುಟ್‌ಪಾತೆಂಬುದು ಬಹುಮಟ್ಟಿಗೆ ಚರಂಡಿಯ ಮುಚ್ಚಳ. ಅದನ್ನು ನಡೆಯುವುದಕ್ಕೆಂದು ಯಾರೂ ಕಟ್ಟಿದ್ದಲ್ಲ, ಮುಚ್ಚುವುದಕ್ಕೆಂದು ಕಟ್ಟಿದ್ದು. ಹೂಳೆತ್ತಲು ಒಬ್ಬರು ಚಪ್ಪಡಿ ಎಬ್ಬಿಸುತ್ತಾರೆ, ಕೇಬಲ್ಲಿಗೆ ಇನ್ನೊಬ್ಬರು, ನೀರಿನ ಕೊಳವೆಗೆ ಮತ್ತೊಬ್ಬರು. ಎಬ್ಬಿಸುವವರಿಗೆ ಕೂಲಿಯುಂಟು, ಅಲುಗಾಡದಂತೆ ಕೂರಿಸುವವರಿಗೆ ಕೂಲಿ ಇದ್ದಂತೆ ಕಾಣೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯ ಪ್ರಕಾರ ಜನ ನಡೆಯಲು ಕನಿಷ್ಠ 1.8 ಮೀಟರು ಅಗಲ, ಅಡೆತಡೆಯಿಲ್ಲದೆ, ಇರಬೇಕೆಂದು ಎಂಜಿನಿಯರಾದ ನಮ್ಮ ಅಣ್ಣನ ಮಗ ಹೇಳಿದ. ನನ್ನ ಕೊಡೆ ಒಂದು ಮೀಟರಿಗೆ ಒಂದಿಷ್ಟು ಕಡಮೆ. ಅದನ್ನು ಹಿಡಿದು ಅಳೆಯುತ್ತ ಹೋದೆ. 840 ಹೆಜ್ಜೆಯಲ್ಲಿ ಎರಡು ಕೊಡೆ ಅಡ್ಡಕ್ಕೆ ಮಲಗುವಷ್ಟು ಜಾಗ ಎಲ್ಲಿಯೂ ಸಿಗಲಿಲ್ಲ. ಒಂದು ಕಡೆ ಟ್ರಾನ್ಸ್‌ಫಾರ್ಮರು ನಿಂತಿದೆ. ಅಲ್ಲಿ ರಸ್ತೆಗೆ ಇಳಿಯಲೇಬೇಕು. ಒಂದು ಕಡೆ ಸಾಲಾಗಿ ಸ್ಕೂಟರು. ಮೂರು ಹೊಸ ಕಟ್ಟಡಗಳ ಮುಂದೆ ಕಾರು ಒಳಗೆ ಹತ್ತಲು ಮಾಡಿದ ಇಳಿಜಾರು ಬೀದಿಗೇ ಚಾಚಿಕೊಂಡಿದೆ. ಮನೆಯೊಳಗಿನ ಏರನ್ನು ಬೀದಿಯ ಲೆಕ್ಕಕ್ಕೆ ಬರೆದಿದ್ದಾರೆ.

ಹೂವಿನವಳನ್ನು ಈ ಪಟ್ಟಿಗೆ ಸೇರಿಸಬೇಕೇ ಎಂದು ಯೋಚಿಸಿದೆ. ಆಕೆ ನಮ್ಮ ಜಗಲಿಯ ತುದಿಯಲ್ಲಿ ಬುಟ್ಟಿ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಕುಳಿತಿದ್ದಾಳೆ. ಸಂಜೆಯಾದರೆ ನಿಲ್ದಾಣದ ದಾರಿಗೆ ಜರುಗುತ್ತಾಳೆ. ಫುಟ್‌ಪಾತು ತೆರವು ಮಾಡುತ್ತೇವೆಂದು ಯಾರು ಬಂದರೂ ಮೊದಲು ಲಾರಿ ಹತ್ತುವುದು ಇಂಥವರ ಬುಟ್ಟಿ. ಟ್ರಾನ್ಸ್‌ಫಾರ್ಮರು ಅಲ್ಲಿಯೇ ಇರುತ್ತದೆ, ಕಾರೂ ಅಲ್ಲಿಯೇ. ಆದರೆ ಅಕ್ಕ ಬಿದ್ದಾಗ ಓಡಿಬಂದು ಎತ್ತಿದವಳು ಆಕೆ. "ಅಲ್ಲಿ ಕಾಲಿಡಬೇಡಿ ಅಮ್ಮಾ, ಅಲ್ಲಾಡ್ತದೆ" ಎಂದು ಬೀದಿಗೆಲ್ಲ ಎಚ್ಚರಿಕೆ ಹೇಳುತ್ತಿದ್ದವಳೂ ಆಕೆಯೇ. ಆ ದಿನ ಮಾತ್ರ ಬರುವುದು ಹತ್ತು ನಿಮಿಷ ತಡವಾಯಿತು. ಕೊಡೆಯ ಅಳತೆಯಲ್ಲಿ ಆಕೆಯನ್ನು ಬಿಟ್ಟುಬಿಟ್ಟೆ.

ಇನ್ನೂ ದೊಡ್ಡ ಕೊರತೆಗಳಿಗೆ ಹೆಸರೂ ಸಿಗುತ್ತದೆ, ಪರಿಹಾರವೂ ಸಿಗುತ್ತದೆ. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದವರೆಗೆ ರೈಲು ಬಂತು. ಅಲ್ಲಿಂದ ಬೈಯಪ್ಪನಹಳ್ಳಿಗೆ ಸುಮಾರು ಎರಡು ಕಿಲೋಮೀಟರು ಹಳಿ ತೆರೆದಿರಲಿಲ್ಲ. ಜನ ಇಳಿದು, ಬಸ್ಸು ಹತ್ತಿ, ಮತ್ತೆ ರೈಲು ಹತ್ತಿದರು. ಪತ್ರಿಕೆಗಳೆಲ್ಲ ಆ ಎರಡು ಕಿಲೋಮೀಟರನ್ನು ಕುರಿತು ಬರೆದವು. ಅದೇ ಅಕ್ಟೋಬರಿನಲ್ಲಿ ಅದು ತುಂಬಿತು. ಅರ್ಧ ಕಿಲೋಮೀಟರಿನ ಕೊರತೆ ಮನೆಮನೆಗೆ ಹಂಚಿಹೋಗಿರುವುದರಿಂದ ಅದಕ್ಕೆ ಹೆಸರಿಲ್ಲ.

ಆಗದ ಕೆಲಸವೆನ್ನುವಂತೆಯೂ ಇಲ್ಲ. ನನ್ನ ಗೊಣಗಾಟ ತಾಳಲಾರದೆ ಅಣ್ಣನ ಮಗ ಒಂದು ಸಂಜೆ ಚರ್ಚ್ ಸ್ಟ್ರೀಟಿಗೆ ಕರೆದುಕೊಂಡು ಹೋದ. ಎರಡೇ ನಿಲ್ದಾಣ. 2018ರಲ್ಲಿ ಆ ಬೀದಿಗೆ ಕಲ್ಲು ಹಾಸಿ ಹೊಸದಾಗಿ ತೆರೆದರು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರದ ಕೊನೆಯಲ್ಲಿ ವಾಹನಗಳನ್ನೇ ಬಿಡಲಿಲ್ಲವಂತೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 1962ರಲ್ಲಿಯೇ ದೊಡ್ಡ ಅಂಗಡಿಬೀದಿಯನ್ನು ಕಾರಿಗೆ ಮುಚ್ಚಿ ಕಾಲಿಗೆ ಬಿಟ್ಟರೆಂದೂ, ಅಲ್ಲಿಯ ವರ್ತಕರೂ ಮೊದಲು ವ್ಯಾಪಾರ ಹೋಯಿತೆಂದು ಕೂಗಾಡಿ ಆಮೇಲೆ ಸುಮ್ಮನಾದರೆಂದೂ ಅವನು ವಿವರಿಸುತ್ತಿದ್ದ. ನಾನು ಕೇಳಲಿಲ್ಲ. ನಡೆಯುತ್ತ ನಡೆಯುತ್ತ ನನಗೆ ಏನೋ ಹೊಸದೆನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ತಲೆಯೆತ್ತಿ ನಡೆಯುತ್ತಿದ್ದೆ! ಹಲಸೂರಿನಲ್ಲಿ ಎಷ್ಟೋ ವರ್ಷದಿಂದ ನಾನು ನೆಲವನ್ನಲ್ಲದೆ ಬೇರೇನನ್ನೂ ನೋಡುತ್ತಿರಲಿಲ್ಲ. ಎದುರಿಗೆ ಬಂದ ಗೆಳೆಯರು ನನ್ನನ್ನು ಗರ್ವಿಯೆಂದು ತಿಳಿದಿದ್ದರೂ ತಿಳಿದಿರಬಹುದು.

"ನಮ್ಮ ಬೀದಿಗೆ ಇದು ಯಾಕಾಗದು?" ಎಂದೆ.

"ಇಲ್ಲಿಗೆ ಊರೆಲ್ಲ ಬರುತ್ತೆ ಚಿಕ್ಕಪ್ಪ. ನಮ್ಮ ಬೀದಿಗೆ ನಾವೇ ಬರೋದು" ಎಂದ. ಮಾತು ಸತ್ಯವಾದ್ದರಿಂದ ಕಹಿಯಾಯಿತು.

ಇನ್ನು ಮನೆಯ ವಿಷಯ. ಹಳೆಯದನ್ನು ಕೆಡವಿ ನಾಲ್ಕಂತಸ್ತು ಕಟ್ಟುವುದು. ಅಣ್ಣನ ಮಗನಿಗೆ ಒಂದು ಮನೆ, ನನಗೂ ಅಕ್ಕನಿಗೂ ಒಂದು, ಉಳಿದದ್ದು ಬಿಲ್ಡರಿಗೆ. ನಕ್ಷೆ ತಂದು ಹಾಸಿದರು. ನೆಲದ ಅಂತಸ್ತಿನಲ್ಲಿ ಬರೀ ಕಂಬ. "ಇಲ್ಲಿ ಯಾರಿರುತ್ತಾರೆ?" ಎಂದೆ. "ಕಾರುಗಳು" ಎಂದರು. ಮೆಟ್ರೋ ಹತ್ತಿರವೆಂದು ಬೆಲೆ ಏರಿದ ಮನೆಯಲ್ಲಿ ಕೆಳಗಿನ ಜಾಗವೆಲ್ಲ ಕಾರಿಗೆ. ಮೆಟ್ರೋಗೆ ನಡೆಯತಕ್ಕ ಅಕ್ಕ ಎರಡನೆಯ ಮಹಡಿಯಲ್ಲಿ. ಜಗಲಿ ಎಲ್ಲಿಯೂ ಕಾಣಲಿಲ್ಲ. ಅದಿದ್ದ ಕಡೆ ಕಾರಿನ ಇಳಿಜಾರು ಬಂದಿತ್ತು, ಬೀದಿಗೆ ಒಂದು ಮೊಳ ಚಾಚಿ.

ನಾನು ಒಂದೇ ಮಾತು ಕೇಳಿದೆ: ಇಳಿಜಾರನ್ನು ಒಳಕ್ಕೆ ಎಳೆಯಿರಿ; ಮುಂದುಗಡೆ ಮೂರಡಿ ಜಾಗ ಮಟ್ಟಸವಾಗಿ ಬಿಡಿ, ಹೋಗುವವರು ಹೋಗಲಿ, ಒಂದು ಕಲ್ಲಿನ ಜಗಲಿ ಇರಲಿ. ಬಿಲ್ಡರು ದಲ್ಲಾಳಿಯ ಮುಖ ನೋಡಿದ. "ಮೂರಡಿಯಾ? ಹಾಗೆ ಮಾಡಿದರೆ ಒಂದು ಕಾರು ಹೋಗುತ್ತೆ ಸಾರ್" ಎಂದ. ಒಂದು ಕಾರು ಹೋಗುವುದೆಂದರೆ ಮನೆಯಲ್ಲಿ ಒಬ್ಬರು ಹೋದಂತೆ ಅವನ ಮುಖ ಸಣ್ಣದಾಗಿತ್ತು. ಅಣ್ಣನ ಮಗ ನನ್ನ ಪಕ್ಷ ವಹಿಸಲಿಲ್ಲ. ಅವನನ್ನು ದೂರುವಂತಿಲ್ಲ, ಎರಡು ಮಕ್ಕಳ ಓದು, ಸೋರುವ ಮನೆ. ಅವನ ಹೆಂಡತಿಗೆ ಅಡಿಗೆಮನೆಯಲ್ಲಿ ಕೊಡೆ ಹಿಡಿದು ಸಾಕಾಗಿದೆ.

ಪತ್ರಕ್ಕೆ ಮೂವರ ರುಜು ಬೇಕು. ಅವನು ಹಾಕಿದ್ದಾನೆ. ನಾನು ಅಕ್ಕನ ಮೇಲೆ ಹಾಕಿದೆ, ಎಲ್ಲ ತಮ್ಮಂದಿರಂತೆ. ಅಕ್ಕ ಕನ್ನಡಕ ಹಾಕಿಕೊಂಡು ನಕ್ಷೆಯನ್ನೂ, ಅದರ ಜೊತೆಗೆ ಬಂದ ಬಣ್ಣದ ಕಾಗದವನ್ನೂ ಬಹಳ ಹೊತ್ತು ಓದಿದಳು. "ನಡೆಯೋಷ್ಟು ದೂರ ಅಂತ ಬರೆದಿದಾರಲ್ಲ, ನಡೆದು ನೋಡೋಣ. ಅಲ್ಲಿತನಕ ಹೋದರೆ ರುಜು ಹಾಕ್ತೀನಿ" ಎಂದಳು. ಹಾಸ್ಯಕ್ಕೆ ಅಂದಳೆಂದುಕೊಂಡೆ. ಗುರುವಾರ ಬೆಳಿಗ್ಗೆ ಆರು ಗಂಟೆಗೆ ಸೀರೆ ಬದಲಾಯಿಸಿ, ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

ಹೊರಟೆವು. ಬಲಗೈಯಲ್ಲಿ ನನ್ನ ತೋಳು, ಎಡಗೈಯಲ್ಲಿ ನನ್ನ ಕೊಡೆ. ಹೂವಿನವಳು ಬುಟ್ಟಿ ಇಳಿಸಿ, ಮಾತಾಡದೆ ನಮ್ಮ ಮುಂದೆ ಮುಂದೆ ನಡೆದಳು. ಆ ಚಪ್ಪಡಿಯ ಹತ್ತಿರ ಅವಳು ತಾನೇ ಮೊದಲು ಹತ್ತಿ ಕಾಲಿನಿಂದ ಒತ್ತಿ ತೋರಿಸಿದಳು. ಯಾರೋ ಕೆಳಗೆ ಇಟ್ಟಿಗೆಚೂರು ತುರುಕಿ ಬಿಗಿಮಾಡಿದ್ದರು. ಯಾರೆಂದು ನಾನು ಕೇಳಲಿಲ್ಲ. ಅಕ್ಕ ಕಾಲಿಟ್ಟಳು. ಅಲ್ಲಾಡಲಿಲ್ಲ.

"ಮುನ್ನೂರ ಹನ್ನೆರಡು" ಎಂದೆ, ಅವಳಿಗೆ ಉತ್ಸಾಹ ಬರಲೆಂದು.

"ನಿನ್ನ ಕಾಲಿಗೆ ಕಣೋ. ನನ್ನ ಕಾಲಿಗೆ ನಾನೂರ ಅರವತ್ತೆಂಟು" ಎಂದಳು.

ಟ್ರಾನ್ಸ್‌ಫಾರ್ಮರಿನವರೆಗೆ ಹೋದೆವು. ಅಲ್ಲಿ ರಸ್ತೆಗೆ ಇಳಿಯಬೇಕು. ಆಗಲೇ ಬಸ್ಸುಗಳು ಬರತೊಡಗಿದ್ದವು. ಅಕ್ಕ ನಿಂತು ಎರಡು ಬಸ್ಸು ಹೋಗಲು ಬಿಟ್ಟಳು, ಮೂರನೆಯದನ್ನೂ ಬಿಟ್ಟಳು. ಆಮೇಲೆ "ಇವತ್ತಿಗೆ ಇಷ್ಟು" ಎಂದು ತಿರುಗಿದಳು.

ಪತ್ರ ಪಂಚಾಂಗದ ಕೆಳಗೆ ಇದೆ. ದಲ್ಲಾಳಿ ದಿನಕ್ಕೆರಡು ಸಲ ಫೋನು ಮಾಡುತ್ತಾನೆ. ನಾಳೆ ಮತ್ತೆ ಗುರುವಾರ. ಐದೂವರೆಗೇ ಹೊರಟರೆ ಬಸ್ಸು ಕಡಮೆ ಇರುತ್ತವೆಂದು ಅಕ್ಕ ಈಗತಾನೇ ಹೇಳಿ ಮಲಗಿದ್ದಾಳೆ.